ಅಳಿಲು ಶಿಕಾರಿಗೆ ಬಾಯಿಂದ ಮದ್ದು ತುಂಬುವ ರೈಫಲ್: .32 ಒಳ್ಳೆಯದಾ, .36 ಒಳ್ಳೆಯದಾ?

ನೀವು ಕೇಳಿದ್ದು ಇಷ್ಟು: ಒಹಾಯೋದಲ್ಲಿದ್ದೀರಿ, ಜಿಂಕೆಗೆ ಅಂತ ತಗೊಂಡ, ನಳಿಗೆಯ ಬಾಯಿಂದ ಮದ್ದು ತುಂಬುವ .50 ಮಜಲ್‌ಲೋಡರ್ ಇದೆ. ಅಳಿಲಿಗೂ ಅದೇ ಸಾಕಾ, ಇಲ್ಲಾ ಹಳೇ ಮಾದರಿಯ .32 ಅಥವಾ .36 ಬೇಕಾ? (ಈ ಅಂಕಿಗಳು ನಳಿಗೆಯ ಒಳಗಿನ ಅಗಲ, ಇಂಚಿನ ಲೆಕ್ಕದಲ್ಲಿ.)

.36 ತಗೊಳ್ಳಿ. ಮೂರು ಸೀಸನ್ .32 ಜೊತೆ ಒದ್ದಾಡಿ ಆಮೇಲೆ .36ಕ್ಕೆ ಬಂದವನು ನಾನು.

.50ರ ಗುಂಡು ಹತ್ತಿರ ಹತ್ತಿರ 12 ಗ್ರಾಂ. ಬೂದು ಅಳಿಲು ತೂಗೋದು ಸುಮಾರು ಅರ್ಧ ಕೆಜಿ. ತಲೆಗೇ ಬಿದ್ದರೆ ಸರಿ, ಮೈಗೆ ಬಿದ್ದರೆ ಸಾರಿಗೆ ಏನೂ ಉಳಿಯಲ್ಲ.

ನಾನು ಕೊಪ್ಪದ ಕಡೆಯವನು. ಮನೆಯಲ್ಲಿ ಅಜ್ಜನ ಕೇಪಿನ ಕೋವಿ (ಏಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿಯೇ ಕೇಪು) ಇತ್ತು, ಬೆಳೆ ಕಾಯೋಕೆ ಲೈಸೆನ್ಸ್ ಮಾಡಿಸಿದ್ದು. ಹಾಗಾಗಿ ಇದೆಲ್ಲ ನನಗೆ ಗೊತ್ತಿರೋದೇ ಅಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ! ಅಜ್ಜನದು ಒಳಗೆಲ್ಲ ನುಣುಪಾದ ನಳಿಗೆ, ಚರೆ ಹಾಕಿ ಹೊಡೆಯುವಂಥದ್ದು. ರೈಫಲ್ ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ನಳಿಗೆಗಿಂತ ಒಂದು ಕೂದಲು ಸಣ್ಣದು. .32ಕ್ಕೆ ಸಾಮಾನ್ಯವಾಗಿ .310 ಗುಂಡು ಹಾಕುತ್ತಾರೆ. ನಡುವಿನ ಸಂದಿಯನ್ನು ಜಿಡ್ಡು ಸವರಿದ ಹತ್ತಿ ಬಟ್ಟೆಯ ತುಂಡು ಮುಚ್ಚುತ್ತದೆ. ಗೀರನ್ನು ಹಿಡಿದು ತಿರುಗೋದು ಆ ಬಟ್ಟೆ, ಅದರ ಜೊತೆ ಗುಂಡೂ ತಿರುಗುತ್ತದೆ. ಬಟ್ಟೆ ತೀರಾ ತೆಳುವಾದರೆ ಗುರಿ ಕೆಡುತ್ತದೆ, ದಪ್ಪವಾದರೆ ಗುಂಡು ಇಳಿಯೋದೇ ಇಲ್ಲ.

ಇಷ್ಟು ಸಣ್ಣ ನಳಿಗೆ ಯಾಕೆ ಬಂತು ಅಂತ ಕೇಳಿದರೆ ಉತ್ತರ ಉಳಿತಾಯ. ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಜರ್ಮನ್ ಮೂಲದ ಕಸುಬುದಾರರು ಮಾಡುತ್ತಿದ್ದ ಉದ್ದ ರೈಫಲ್‌ಗಳ ನಳಿಗೆ ದೊಡ್ಡದೇ ಇತ್ತು. ಕರಡಿ, ಜಿಂಕೆ ಕಡಿಮೆಯಾಗುತ್ತಾ ಬಂದ ಹಾಗೆ ನಳಿಗೆಯೂ ಸಣ್ಣದಾಗುತ್ತಾ ಹೋಯಿತು. ಒಂದು ಪೌಂಡ್ ಸೀಸದಲ್ಲಿ .50ರ ಗುಂಡು ನಲವತ್ತೂ ಆಗಲ್ಲ. .32ರದ್ದಾದರೆ ನೂರೈವತ್ತು ಬರುತ್ತದೆ. ಗುಡ್ಡ ಹತ್ತಿ ಸೀಸ ಹೊತ್ತು ತರಬೇಕಾದವನಿಗೆ ಇದು ಸಣ್ಣ ಲೆಕ್ಕವಲ್ಲ. ನಿಮ್ಮ ಒಹಾಯೋಗೂ ಈ ಕೋವಿಗೂ ಹಳೇ ನಂಟಿದೆ. ಅಮೆರಿಕದ ಅಂತರ್ಯುದ್ಧದ ಹೊತ್ತು, 1862ರ ಸೆಪ್ಟೆಂಬರಿನಲ್ಲಿ, ದಕ್ಷಿಣದವರ ಸೈನ್ಯ ಸಿನ್ಸಿನಾಟಿ ಹತ್ತಿರ ಬಂದಾಗ ಗವರ್ನರ್ ಡೇವಿಡ್ ಟಾಡ್ ಜನರನ್ನು ಕರೆದರು. ಮನೆಯಲ್ಲಿದ್ದ ಕೋವಿ ಹೊತ್ತುಕೊಂಡು 15 ಸಾವಿರಕ್ಕೂ ಜಾಸ್ತಿ ಜನ ಬಂದರು. ಅವರಿಗೆ ಅಳಿಲು ಬೇಟೆಗಾರರು ಅಂತಲೇ ಹೆಸರು ಬಿತ್ತು. ದೊಡ್ಡ ಕದನವೇನೂ ಆಗಲಿಲ್ಲ, ಎದುರಿನವರು ಹಿಂದೆ ಸರಿದರು.

ಈಗ .32ರ ತಕರಾರು. ಗುಂಡು ಸುಮಾರು 45 ಗ್ರೇನ್, ಅಂದರೆ ಮೂರು ಗ್ರಾಂ. 20 ಗ್ರೇನ್ ತ್ರೀ ಎಫ್ (ಸಣ್ಣ ಕಾಳಿನ) ಕಪ್ಪು ಮದ್ದು ಸಾಕು. ಒದೆತವೇ ಇಲ್ಲ, ಶಬ್ದವೂ ಟಪ್ ಅಂತ ಅಷ್ಟೇ. ಹೊಡೆಯೋಕೆ ಇದರಷ್ಟು ಖುಷಿ ಕೊಡೋ ಕೋವಿ ಇನ್ನೊಂದಿಲ್ಲ. ಕಷ್ಟ ಶುರುವಾಗೋದು ನಾಲ್ಕನೇ ಈಡಿಗೆ. ಕಪ್ಪು ಮದ್ದು ಪೂರ್ತಿ ಗಾಳಿಯಾಗಿ ಹೋಗಲ್ಲ, ಅರ್ಧಕ್ಕಿಂತ ಜಾಸ್ತಿ ಹೊಗೆಯ ಕಣ, ಮಸಿ ಆಗುತ್ತದೆ. ಕಿರಿದಾದ ನಳಿಗೆ ಬೇಗ ಕಟ್ಟುತ್ತದೆ. ಗುಂಡು ಜಡಿಯುವ ಕೋಲಿನ ದಪ್ಪವೋ ಕಾಲು ಇಂಚಿನ ಆಸುಪಾಸು. ಒಂದು ದಿನ ಸಿಕ್ಕಿಕೊಂಡ ಗುಂಡನ್ನು ಜೋರಾಗಿ ಒತ್ತಿದೆ, ಹಿಕರಿ ಮರದ ಕೋಲು ಓರೆಯಾಗಿ ಮುರಿದು ಅಂಗೈಗೆ ಚುಚ್ಚಿತು. ತಪ್ಪು ನನ್ನದೇ. ಕೋಲನ್ನು ನಳಿಗೆಯ ಬಾಯಿಯಿಂದ ಒಂದು ಗೇಣು ಮೇಲಷ್ಟೇ ಹಿಡಿದು, ಸ್ವಲ್ಪ ಸ್ವಲ್ಪವೇ ತಳ್ಳಬೇಕು. .36ರಲ್ಲಿ ಕೋಲು ದಪ್ಪ, ಗುಂಡು 65 ಗ್ರೇನ್, ಗಾಳಿಗೆ ಅಷ್ಟು ವಾಲಲ್ಲ. 25-30 ಗ್ರೇನ್ ಮದ್ದು ಹಾಕಿ ನೋಡಿ. ಯಾವುದೇ ಆಗಲಿ, ಎರಡು ಮೂರು ಈಡಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒಳಗೆ ಒರೆಸಿ.

ಮದ್ದು ಹಾಕೋದನ್ನೇ ಮರೆತು ಗುಂಡು ಜಡಿಯುವುದು ಎಲ್ಲರಿಗೂ ಒಮ್ಮೆ ಆಗೋದೇ. ಕೇಪು ಕೂರುವ ನಿಪ್ಪಲ್ ಬಿಚ್ಚಿ, ಆ ತೂತಿನಲ್ಲಿ ಚಿಟಿಕೆ ಮದ್ದು ತುಂಬಿ, ನಿಪ್ಪಲ್ ಮತ್ತೆ ತಿರುಗಿಸಿ ಹಾಕಿ. ಗುಂಡು ತಳಕ್ಕೇ ಕೂತಿದೆಯಾ ಅಂತ ಕೋಲು ಹಾಕಿ ನೋಡಿಕೊಂಡು, ಮಣ್ಣಿನ ದಿಬ್ಬಕ್ಕೆ ಹೊಡೆಯಿರಿ. ಗುಂಡು ನಡುವೆ ನಿಂತಿದ್ದರೆ ನಳಿಗೆ ಒಡೆಯಬಹುದು. ಕೋಲಿನ ಮೇಲೆ ಸರಿಯಾದ ಆಳಕ್ಕೆ ಒಂದು ಗುರುತು ಕೊರೆದಿಡಿ. ಈಗಿನ ಹೊಗೆಯಿಲ್ಲದ ಮದ್ದನ್ನಂತೂ ಇದಕ್ಕೆ ಮುಟ್ಟಿಸಲೇಬೇಡಿ.

ನಾನು 30 ಗಜದಾಚೆಗೆ ಹೊಡೆಯಲ್ಲ. ಗುರಿ ತಲೆಗೆ ಮಾತ್ರ. ಅಮೆರಿಕದ ಹಳೇ ಕಾಲದ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಅಳಿಲಿನ ಕೆಳಗಿನ ತೊಗಟೆಗೆ ಹೊಡೆದು, ಆ ಏಟಿಗೇ ಅದನ್ನು ಕೆಡವುತ್ತಿದ್ದ ಅಂತ ಕಥೆಯಿದೆ. ನಾನೂ ಎರಡು ಸಲ ನೋಡಿದೆ. ತೊಗಟೆ ಹಾರಿತು, ಅಳಿಲೂ ಹಾರಿತು.

ಎಚ್‌-1ಬಿ ವೀಸಾದಲ್ಲಿದ್ದರೆ ಒಂದು ಮಾತು. ಸಾಮಾನ್ಯ ಬಂದೂಕು ಇಟ್ಟುಕೊಳ್ಳೋಕೆ ನಿಮಗೆ ಫೆಡರಲ್ ಕಾನೂನಿನ ತಡೆಯಿದೆ, ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ. ಕಪ್ಪು ಮದ್ದಿನ ಇಂಥ ರೈಫಲ್ ಆ ಕಾನೂನಿನಲ್ಲಿ ಪುರಾತನ ಆಯುಧದ ಲೆಕ್ಕಕ್ಕೆ ಬರುತ್ತದೆ. ರಾಜ್ಯದ ಕಾನೂನು ಬೇರೆ ಇರಬಹುದು, ವಕೀಲರನ್ನು ಕೇಳಿ. ಲೈಸೆನ್ಸ್ ಹೇಗೂ ಬೇಕೇ ಬೇಕು. ಊರಿಗೆ ಹೋದಾಗ ಕೆಂದಳಿಲು ಕಂಡರೆ ಮಾತ್ರ ನೋಡಿ ಸುಮ್ನಿರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಫ್ಲಿಂಟ್ ಅಂದರೆ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಕೋವಿಯ ಆಸೆ ಬಂದರೂ ಮೊದಲನೆಯದು ಕೇಪಿನದೇ ಇರಲಿ.

ಶಿಕಾರಿಯಿಂದ ಬಂದ ರಾತ್ರಿಯೇ ಬಿಸಿನೀರಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಬೆಳಿಗ್ಗೆ ಮಾಡೋಣ ಅಂದರೆ ತುಕ್ಕು ಕಾಯಲ್ಲ. ತೊಳೆಯೋದನ್ನು ಮನೆಯ ಹೊರಗೇ ಮಾಡಿ. ಗಂಧಕದಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಒಮ್ಮೆ ಅಡುಗೆಮನೆ ಸಿಂಕಿನಲ್ಲಿ ತೊಳೆದಿದ್ದೆ, ಅವತ್ತಿನಿಂದ ನನ್ನ ಕೋವಿ, ಬಕೆಟ್ ಎರಡೂ ಗ್ಯಾರೇಜಿನಲ್ಲಿವೆ.