ನಡುಗುವ ಹೆಲಿಕಾಪ್ಟರ್‌, ನಡುಗದ ಚಿತ್ರ

ಪ್ರಶ್ನೆ: ಹೆಲಿಕಾಪ್ಟರ್‌ ಅಷ್ಟೊಂದು ಅದುರುತ್ತಿದ್ದರೂ ಅದರಿಂದ ಚಿತ್ರೀಕರಿಸಿದ ವನ್ಯಜೀವಿ ದೃಶ್ಯಗಳು ಅಲುಗಾಡದಿರುವುದು ಹೇಗೆ?

ಉತ್ತರ: ಚಿತ್ರವನ್ನು ನಿಜವಾಗಿ ಕೆಡಿಸುವುದು ಕ್ಯಾಮೆರಾ ಪಕ್ಕಕ್ಕೆ ಸರಿಯುವುದಲ್ಲ, ಅದರ ದಿಕ್ಕು ತಿರುಗುವುದು. ಕ್ಯಾಮೆರಾ ಹತ್ತು ಸೆಂಟಿಮೀಟರ್‌ ಸರಿದರೆ ಒಂದು ಕಿಲೋಮೀಟರ್‌ ಆಚೆಯ ದೃಶ್ಯವೂ ಅಷ್ಟೇ ಸರಿಯುತ್ತದೆ. ಆದರೆ ಕ್ಯಾಮೆರಾ ಒಂದೇ ಡಿಗ್ರಿ ತಿರುಗಿದರೆ ಆ ದೃಶ್ಯ ಸುಮಾರು 17 ಮೀಟರ್‌ ಜಾರಿಹೋಗುತ್ತದೆ. 1960ರ ದಶಕದಲ್ಲಿ ಅಮೆರಿಕದ ನೆಲ್ಸನ್‌ ಟೈಲರ್‌ ರೂಪಿಸಿದ ಸಾಧನದಲ್ಲಿ ಛಾಯಾಗ್ರಾಹಕರು ಹೆಲಿಕಾಪ್ಟರಿನ ತೆರೆದ ಬಾಗಿಲ ಬಳಿ ಕುಳಿತು, ಸಮತೋಲನಗೊಳಿಸಿದ ಕ್ಯಾಮೆರಾವನ್ನು ಕೈಯಿಂದಲೇ ನಡೆಸುತ್ತಿದ್ದರು. ಅನಂತರ ಬಂದ ವ್ಯವಸ್ಥೆಗಳಲ್ಲಿ ಕ್ಯಾಮೆರಾವು ವಿಮಾನದ ಹೊರಗೆ ತೂಗುವ ಗೋಳದೊಳಗೆ ಇರುತ್ತದೆ. ಜೈರೋಸ್ಕೋಪ್‌ಗಳು ಅತಿ ಸೂಕ್ಷ್ಮ ತಿರುಗುವಿಕೆಯನ್ನೂ ಗುರುತಿಸಿದೊಡನೆ ಮೋಟಾರುಗಳು ಕ್ಯಾಮೆರಾವನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಸರಿಪಡಿಸುತ್ತವೆ, ನಿರ್ವಾಹಕರು ಒಳಗೆ ಕುಳಿತು ಪರದೆ ನೋಡುತ್ತ ಜಾಯ್‌ಸ್ಟಿಕ್‌ನಿಂದ ಅದನ್ನು ನಿಯಂತ್ರಿಸುತ್ತಾರೆ.

2006ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಪ್ಲಾನೆಟ್‌ ಅರ್ಥ್‌’ ಸರಣಿಗಾಗಿ ಬೋಟ್ಸ್ವಾನಾದ ಒಕವಾಂಗೊದಲ್ಲಿ ಕಾಡುನಾಯಿಗಳ ಬೇಟೆಯನ್ನು ಸಿನೆಫ್ಲೆಕ್ಸ್‌ ಎಂಬ ಇಂಥ ವ್ಯವಸ್ಥೆಯಿಂದಲೇ ಚಿತ್ರೀಕರಿಸಲಾಯಿತು. ಹೆಲಿಕಾಪ್ಟರ್‌ ಬಹಳ ಎತ್ತರದಲ್ಲೇ ಉಳಿದು ಶಕ್ತಿಶಾಲಿ ಮಸೂರದಿಂದ ನೋಡಿದ್ದರಿಂದ, ಗದ್ದಲಕ್ಕೆ ಬೆದರದ ಪ್ರಾಣಿಗಳ ಇಡೀ ಬೆನ್ನಟ್ಟುವಿಕೆ ನಮಗೆ ಕಾಣಸಿಕ್ಕಿತು. ಈ ತಂತ್ರಜ್ಞಾನದ ಅತಿದೊಡ್ಡ ಕೊಡುಗೆ, ನನ್ನ ದೃಷ್ಟಿಯಲ್ಲಿ, ಚಿತ್ರದ ಸೊಬಗಿಗಿಂತಲೂ ಈ ದೂರವೇ. ಆದರೂ ಹೆಲಿಕಾಪ್ಟರಿನ ಹಾರಾಟದ ಪಥವನ್ನು ಈ ವ್ಯವಸ್ಥೆ ತಿದ್ದಲಾರದು. ಅದು ಪೈಲಟ್‌ನ ಕೌಶಲಕ್ಕೇ ಬಿಟ್ಟದ್ದು.