ಮೂರು ರಾತ್ರಿ ಅವಳು ಹುಡುಕುತ್ತಿರುವ ಸಂಖ್ಯೆ

ಈ ವಾರ ಬಂದ ಪತ್ರಗಳಲ್ಲಿ, ಅಮೆರಿಕದ ಡಲ್ಲಾಸ್ ಸಮೀಪ ನೆಲೆಸಿರುವ ಶಿವಮೊಗ್ಗ ಮೂಲದ ತಾಯಿಯೊಬ್ಬರ ಪತ್ರವನ್ನು ಓದಿದ ಮೇಲೆ ಉಳಿದವುಗಳನ್ನು ಕೈಗೆತ್ತಿಕೊಳ್ಳುವ ಮನಸ್ಸಾಗಲಿಲ್ಲ. ಅವರ ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಪ್ರಚಲಿತ ವಿದ್ಯಮಾನಗಳ ಮೇಲೆ ನಡೆಯುವ, ಅಲ್ಲಿಯ ಮಕ್ಕಳು ‘ಎಕ್ಸ್‌ಟೆಂಪ್’ ಎಂದು ಕರೆಯುವ ಆಶುಭಾಷಣ ಸ್ಪರ್ಧೆಗಳಲ್ಲಿ ಎರಡು ವರ್ಷಗಳಿಂದ ಭಾಗವಹಿಸುತ್ತಿದ್ದಾಳೆ. ಕಳೆದ ಶನಿವಾರದ ಪಂದ್ಯಾವಳಿಯ ಅಂತಿಮ ಸುತ್ತಿನಲ್ಲಿ, ಹೊರಗಿನ ದೇಶಗಳ ಸಂಧಾನದಿಂದ ಸುಡಾನಿನ ಯುದ್ಧ ನಿಲ್ಲುವುದೇ ಎಂಬ ಪ್ರಶ್ನೆಯನ್ನು ಅವಳು ಆರಿಸಿಕೊಂಡಿದ್ದಳು. ನಿರಾಶ್ರಿತರ ಸಂಖ್ಯೆ ಮಾತಿನ ನಡುವೆ ಮರೆತುಹೋದಾಗ ತೋಚಿದ ಒಂದು ಅಂಕಿಯನ್ನು ಹೇಳಿ, ಅದಕ್ಕೆ ಹೆಸರಾಂತ ಪತ್ರಿಕೆಯೊಂದರ ಹೆಸರನ್ನೂ ಒಂದು ದಿನಾಂಕವನ್ನೂ ಜೋಡಿಸಿದಳು. ಪ್ರಥಮ ಸ್ಥಾನ ಬಂದಿತು. ಅದೇ ರಾತ್ರಿ ತಾಯಿಯ ಬಳಿ ಬಂದು ನಡೆದದ್ದನ್ನು ಹೇಳಿದಳು. ತಂದೆಗೆ ಇನ್ನೂ ತಿಳಿದಿಲ್ಲ. ಹೇಳಿಕೊಂಡರೆ ಬಹುಮಾನ ಹೋಗುತ್ತದೆ, ಕಾಲೇಜಿನ ಅರ್ಜಿಯಲ್ಲಿ ಬರೆಯಬೇಕಾದ ಸಾಧನೆಯೊಂದು ಇಲ್ಲವಾಗುತ್ತದೆ. ಆದ್ದರಿಂದ ಇದನ್ನು ಇಲ್ಲಿಗೇ ಬಿಡಬಹುದೇ ಎಂಬುದು ತಾಯಿಯ ಪ್ರಶ್ನೆ.

ಅಮ್ಮಾ, ನಿಮ್ಮ ಪತ್ರದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ ಒಂದು ವಾಕ್ಯವಿದೆ. ‘ಗಣಿತದ ಪರೀಕ್ಷೆ ಹತ್ತಿರ ಬಂದಿದ್ದರೂ ಮೂರು ರಾತ್ರಿಯಿಂದ ಸುಡಾನಿನ ವಿಷಯವನ್ನೇ ಓದುತ್ತ ಕುಳಿತಿದ್ದಾಳೆ’ ಎಂದು ನೀವು ದೂರಿನಂತೆ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ವಾಕ್ಯ. ಸ್ಪರ್ಧೆ ಮುಗಿದಿದೆ, ಬಹುಮಾನ ಮನೆಗೆ ಬಂದಿದೆ, ಆ ಪ್ರಶ್ನೆಯನ್ನು ಮತ್ತೆ ಅವಳಿಗೆ ಯಾರೂ ಕೇಳುವುದಿಲ್ಲ. ಆದರೂ ಅವಳು ಓದುತ್ತಿದ್ದಾಳೆಂದರೆ, ತಾನು ಕಲ್ಪಿಸಿ ಹೇಳಿದ ಅಂಕಿಯ ಜಾಗದಲ್ಲಿ ಇರಬೇಕಾಗಿದ್ದ ನಿಜವಾದ ಅಂಕಿಯನ್ನು ಹುಡುಕುತ್ತಿದ್ದಾಳೆ. 2023ರ ಏಪ್ರಿಲ್‌ನಲ್ಲಿ ಖಾರ್ತೂಮಿನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ನಡುವೆ ಆರಂಭವಾದ ಆ ಯುದ್ಧದಲ್ಲಿ ಮನೆ ಬಿಟ್ಟು ಓಡಿದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು. ವೇದಿಕೆಯ ಮೇಲೆ ಅದು ಭಾಷಣದ ಓಟಕ್ಕೆ ಬೇಕಾದ ಒಂದು ಅಂಕಿಯಾಗಿತ್ತು. ಈಗ ಅದು ಮನುಷ್ಯರ ಲೆಕ್ಕವೆಂದು ಹುಡುಗಿಗೆ ಅರ್ಥವಾಗಿದೆ, ನಿದ್ದೆ ಕೆಟ್ಟಿದೆ. ಅವಳ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ, ಗೌರವ ಬರುತ್ತಿದೆ.

ನೀವು ಹೈಸ್ಕೂಲಿನಲ್ಲಿ ಆಶುಭಾಷಣಕ್ಕೆ ಬಹುಮಾನ ಪಡೆದವರೆಂದೂ, ‘ಮಾತಿನ ಓಟದಲ್ಲಿ ಇಂಥದ್ದು ನಡೆದುಹೋಗುತ್ತದೆ’ ಎಂದೂ ಬರೆದಿದ್ದೀರಿ. ನಿಮ್ಮ ಅಳತೆಗೋಲು ತಪ್ಪುತ್ತಿರುವುದು ಇಲ್ಲಿಯೇ. ನಮ್ಮ ಶಾಲೆಗಳಲ್ಲಿ ಚೀಟಿ ಎತ್ತಿದರೆ ‘ಸಮಯ’ ಎಂದೋ ‘ಮರ’ ಎಂದೋ ಬರುತ್ತಿತ್ತು. ಎರಡು ನಿಮಿಷ ಯೋಚಿಸಿ, ಗಾದೆ, ಕಥೆ, ಉಪಮೆಗಳನ್ನು ಪೋಣಿಸಿ ಮಾತನಾಡಿದರೆ ಸಾಕಾಗುತ್ತಿತ್ತು. ಅಲ್ಲಿ ಸತ್ಯಾಸತ್ಯದ ಪ್ರಶ್ನೆಯೇ ಹೆಚ್ಚಾಗಿ ಏಳುತ್ತಿರಲಿಲ್ಲ. ನಿಮ್ಮ ಮಗಳ ಸ್ಪರ್ಧೆಯ ಸ್ವಭಾವವೇ ಬೇರೆ. ವಿಸ್ಕಾನ್ಸಿನ್ ರಾಜ್ಯದ ರಿಪನ್ ಎಂಬ ಊರಿನಲ್ಲಿ 1925ರಲ್ಲಿ ಹುಟ್ಟಿ, 2014ರಿಂದ ‘ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್’ ಎಂಬ ಹೆಸರಿನಲ್ಲಿರುವ ಸಂಸ್ಥೆ ರೂಢಿಸಿದ ಕ್ರಮದಲ್ಲಿ, ಸ್ಪರ್ಧಿ ಮೂರು ಪ್ರಶ್ನೆಗಳನ್ನು ಎತ್ತಿ ಒಂದನ್ನು ಉಳಿಸಿಕೊಳ್ಳುತ್ತಾಳೆ; 30 ನಿಮಿಷ, ತರಬೇತುದಾರರ ನೆರವಿಲ್ಲದೆ, ತಾನು ಸಂಗ್ರಹಿಸಿದ ವರದಿಗಳನ್ನು ಓದಿ ಸಿದ್ಧಳಾಗುತ್ತಾಳೆ; ನಂತರ 7 ನಿಮಿಷ ಮಾತನಾಡುತ್ತಾಳೆ. ಲ್ಯಾಪ್‌ಟಾಪ್ ಬರುವ ಮುಂಚಿನ ತಲೆಮಾರಿನ ಮಕ್ಕಳು ಪತ್ರಿಕೆಗಳ ತುಣುಕುಗಳನ್ನು ದೇಶವಾರು ಜೋಡಿಸಿ, ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಊರಿಂದೂರಿಗೆ ಹೊತ್ತೊಯ್ಯುತ್ತಿದ್ದರು. ಅಷ್ಟು ಭಾರ ಹೊರುತ್ತಿದ್ದುದು ಯಾವುದಕ್ಕಾಗಿ? ಇದನ್ನು ಇಂಥ ಪತ್ರಿಕೆ ಇಂಥ ದಿನ ಬರೆದಿದೆ ಎಂದು ನಿಜವಾಗಿ ಹೇಳಲು. ಪತ್ರಿಕೆಯ ಹೆಸರನ್ನೂ ದಿನಾಂಕವನ್ನೂ ಕಲ್ಪಿಸಿಕೊಂಡರೆ ಆ ಅರ್ಧ ಗಂಟೆಗೆ ಅರ್ಥವೇ ಉಳಿಯುವುದಿಲ್ಲ. ಅದೇ ಕೋಣೆಯಲ್ಲಿ ಕುಳಿತು ಪ್ರಾಮಾಣಿಕವಾಗಿ ಓದಿ, ಎರಡನೆಯ ಸ್ಥಾನಕ್ಕೆ ಹೋದ ಮಗುವಿಗೆ ಅನ್ಯಾಯವಾಗುತ್ತದೆ. ಆ ಮಗುವಿನ ನೆನಪು ನಿಮ್ಮ ಪತ್ರದಲ್ಲಿ ಎಲ್ಲಿಯೂ ಬಂದಿಲ್ಲ.

ಈಗ ನಿಮ್ಮ ಕುಟುಂಬದ ಆ ಸ್ನೇಹಿತರ ಮಾತಿಗೆ ಬರುತ್ತೇನೆ. ಸ್ವಯಂಸೇವಕರಾಗಿ ತೀರ್ಪುಗಾರರ ಕುರ್ಚಿಯಲ್ಲಿ ಕೂರುವ ಅವರು ‘ಎಲ್ಲ ಮಕ್ಕಳೂ ಹೀಗೆಯೇ ಮಾಡುತ್ತಾರೆ, ನಾವು ಯಾರೂ ತಾಳೆ ನೋಡುವುದಿಲ್ಲ’ ಎಂದು ನಿಮಗೆ ಧೈರ್ಯ ಹೇಳಿದ್ದಾರೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೇಸರ ತರಿಸಿದ ವ್ಯಕ್ತಿ ಅವರೇ. ಶನಿವಾರದ ಆ ಪಂದ್ಯಗಳು ಬಹುಮಟ್ಟಿಗೆ ಪೋಷಕರು, ಶಿಕ್ಷಕರು, ಹಳೆಯ ಸ್ಪರ್ಧಿಗಳು ಬಿಡುವು ಮಾಡಿಕೊಂಡು ಬಂದು ತೀರ್ಪು ಕೊಡುವುದರಿಂದಲೇ ನಡೆಯುತ್ತವೆ. ಒಬ್ಬರಾದ ಮೇಲೆ ಒಬ್ಬರು ಬಂದು ಮಾತನಾಡುವಾಗ ಅವರು ಪ್ರತಿಯೊಂದು ಉಲ್ಲೇಖವನ್ನೂ ಪರಿಶೀಲಿಸಲಾರರು ಎಂಬುದು ನಿಜ. ಆದರೆ ಪರಿಶೀಲಿಸಲಾಗುವುದಿಲ್ಲ ಎಂಬುದರ ಅರ್ಥ ಸ್ಪರ್ಧೆಯು ನಂಬಿಕೆಯ ಮೇಲೆ ನಿಂತಿದೆ ಎಂದೇ ಹೊರತು ಸುಳ್ಳಿಗೆ ಅನುಮತಿಯಿದೆ ಎಂದಲ್ಲ. ಹದಿನಾರು ವರ್ಷದ ಹುಡುಗಿ ಒತ್ತಡದಲ್ಲಿ ತಡವರಿಸಿದ್ದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆರಾಮವಾಗಿ ಕುಳಿತು, ಮಕ್ಕಳ ಸುಳ್ಳಿಗೆ ಅಂಕ ಕೊಡುವುದು ವಾಡಿಕೆಯೆಂದು ಹೇಳುವ ಹಿರಿಯರನ್ನಲ್ಲ. ಈ ವಿಷಯದಲ್ಲಿ ಅವರ ಸಲಹೆಯನ್ನು ಇನ್ನು ಕೇಳಬೇಡಿ.

‘ಗೊತ್ತಿಲ್ಲ’ ಎಂಬ ಮಾತನ್ನು ಮಕ್ಕಳಿಗೆ ಮನೆಯಲ್ಲಿ ಕಲಿಸಬೇಕು ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಅಂದು ಅವಳು ‘ಲಕ್ಷಾಂತರ ಜನ ಮನೆ ಬಿಟ್ಟಿದ್ದಾರೆ, ನಿಖರವಾದ ಸಂಖ್ಯೆ ಈ ಕ್ಷಣ ನನ್ನ ನೆನಪಿನಲ್ಲಿಲ್ಲ’ ಎಂದು ಹೇಳಿ ಮುಂದುವರಿಯಬಹುದಾಗಿತ್ತು. ಒಂದೆರಡು ಸ್ಥಾನ ಕೆಳಗಿಳಿಯುತ್ತಿದ್ದಳೇನೋ, ಆದರೆ ರಾತ್ರಿ ನಿದ್ದೆ ಮಾಡುತ್ತಿದ್ದಳು. ಪ್ರತಿ ಶನಿವಾರ ಕಾರು ಹತ್ತುತ್ತಲೇ ‘ಎಷ್ಟನೆಯ ಸ್ಥಾನ’ ಎಂದು ತಂದೆ ಕೇಳುತ್ತಾರೆಂದು ನೀವೇ ಬರೆದಿದ್ದೀರಿ. ಆ ಪ್ರಶ್ನೆಗೆ ಉತ್ತರವಾಗಿ ‘ಗೊತ್ತಿಲ್ಲ’ ಎಂಬ ಮಾತು ಹುಟ್ಟುವುದು ಕಷ್ಟ.

ನಿಮಗೆ ನಾನು ಹೇಳುವುದು ಒಂದೇ: ಮುಂದಿನ ಪಂದ್ಯಾವಳಿಗೆ ಮುಂಚೆ, ಸಾಧ್ಯವಾದರೆ ನಾಳೆಯೇ, ನಿಮ್ಮ ಮಗಳು ಶಾಲೆಯ ತರಬೇತುದಾರರನ್ನು ಕಂಡು ತಾನೇ ಬಾಯಿಬಿಟ್ಟು ಇದನ್ನು ಹೇಳಲಿ. ನೀವು ಇಮೇಲ್ ಬರೆದುಕೊಡಬೇಡಿ, ವಾಕ್ಯಗಳನ್ನು ತಿದ್ದಬೇಡಿ, ಒತ್ತಡವಿತ್ತು, ಮರೆವಾಯಿತು ಎಂಬ ಕಾರಣಗಳನ್ನು ಮುಂದಕ್ಕೆ ತರಬೇಡಿ. ಯಾವ ಅಂಕಿ ಹೇಳಿದಳು, ಯಾವ ಪತ್ರಿಕೆಯ ಹೆಸರು ಹೇಳಿದಳು, ಅದನ್ನು ತಾನು ಓದಿರಲಿಲ್ಲ ಎಂಬ ಮೂರು ವಾಕ್ಯಗಳು ಸಾಕು. ಬಹುಮಾನ ಹಿಂದಿರುಗಿಸಬೇಕೆಂದರೆ ಹಿಂದಿರುಗಿಸಲಿ. ಕಾಲೇಜಿನ ಅರ್ಜಿಯ ಮಾತನ್ನು ನಾನು ಚರ್ಚಿಸುವುದಿಲ್ಲ. ತನ್ನದಲ್ಲವೆಂದು ಅವಳಿಗೇ ಗೊತ್ತಿರುವ ಸ್ಥಾನವನ್ನು ಅರ್ಜಿಯಲ್ಲಿ ಬರೆಯುವಂತೆ ಅವಳನ್ನು ಕೂರಿಸುವುದು ಎರಡನೆಯ ತಪ್ಪು, ಮತ್ತು ಅದು ನಿಮ್ಮದಾಗುತ್ತದೆ. ತಂದೆಗೂ ಅವಳೇ ಹೇಳಲಿ, ತರಬೇತುದಾರರನ್ನು ಕಂಡು ಬಂದ ದಿನವೇ.

ನೀವು ಶಾಲೆಯವರೆಗೆ ಜೊತೆಗೆ ಹೋಗಿ, ಹೊರಗೆ ಕಾಯುತ್ತಿರಿ. ಹಿಂದಿರುಗುವಾಗ ಏನಾಯಿತೆಂದು ತಕ್ಷಣ ಕೇಳದೆ, ಈ ಮೂರು ರಾತ್ರಿ ಅವಳು ಸುಡಾನಿನ ಬಗ್ಗೆ ಏನೇನು ಓದಿದಳೆಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಿ.