ಬಯೊಡೇಟಾದಲ್ಲಿ ಸ್ಕಿಲ್ಡ್, ಎಕ್ಸ್‌ಪರ್ಟ್, ವೆಟರನ್: ಯಾವುದು ಸರಿ?

ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ 18 ವರ್ಷ ದೋಸೆಕಲ್ಲಿನ ಮುಂದೆ ನಿಂತ ಮಾವನವರು ಈಗ ಹಡಗಿನ ಅಡುಗೆಮನೆಗೆ ಅರ್ಜಿ ಹಾಕುತ್ತಿದ್ದಾರೆ, ಯಾವ ಪದ ಬರೆಯಲಿ ಎಂದು ಕೇಳಿದ್ದೀರಿ.

ಎಕ್ಸ್‌ಪೀರಿಯನ್ಸ್ಡ್ ಎಂಬುದು ವರ್ಷ ಎಣಿಸುತ್ತದೆ, ಸ್ಕಿಲ್ಡ್ ಕೈ ನೋಡುತ್ತದೆ. ನಾನು ಗಲ್ಲೆಯಲ್ಲಿ ಕೂರುತ್ತಿದ್ದ ಹೋಟೆಲಿನಲ್ಲಿ ಇಪ್ಪತ್ತು ವರ್ಷದ ಹಳಬರೊಬ್ಬರಿದ್ದರು. ಅವರ ದೋಸೆ ನಡುವೆ ದಪ್ಪ, ಅಂಚು ಸೀದು ಕರಿ. ಎಕ್ಸ್‌ಪೀರಿಯನ್ಸ್ಡ್, ಅಷ್ಟೇ! ಕುಂದಾಪುರದಿಂದ ಬಂದ ಹುಡುಗನೊಬ್ಬ ಎರಡೇ ವರ್ಷದಲ್ಲಿ, ಕಲ್ಲಿಗೆ ನೀರು ಚಿಮುಕಿಸಿ, ಚುಂಯ್ ಸದ್ದಿನಲ್ಲೇ ಕಾವು ಹೇಳುತ್ತಿದ್ದ. ಅವನು ಸ್ಕಿಲ್ಡ್. ನಮ್ಮ ಮಾತಲ್ಲಿ ಪಳಗಿದ ಕೈ.

ಎಕ್ಸ್‌ಪರ್ಟ್ ಅಂದರೆ ತಜ್ಞ. ಹಿಟ್ಟು ಯಾಕೆ ಉಬ್ಬಲಿಲ್ಲ ಎಂದು ಬೇರೆ ಹೋಟೆಲಿನವರೂ ಕೇಳಿಕೊಂಡು ಬರಬೇಕು, ಅಂಥವರು. ಬೇರೆಯವರು ಕರೆದರೆ ಚೆಂದ, ತಾನೇ ಬರೆದುಕೊಂಡರೆ ಬಡಾಯಿ. (ಎಕ್ಸ್‌ಪರ್ಟ್, ಎಕ್ಸ್‌ಪೀರಿಯನ್ಸ್ ಎರಡೂ ಹುಟ್ಟಿದ್ದು 'ಪ್ರಯತ್ನಿಸಿ ನೋಡು' ಎಂಬ ಒಂದೇ ಲ್ಯಾಟಿನ್ ಕ್ರಿಯಾಪದದಿಂದ.)

ವೆಟರನ್, ಅಂದರೆ ಬಹುಕಾಲದ ಅನುಭವಿ, ಬೇಡವೇ ಬೇಡ. ಅದರ ಲ್ಯಾಟಿನ್ ಮೂಲಕ್ಕೆ 'ಹಳೆಯ' ಎಂದರ್ಥ. ಅಮೆರಿಕದವರಿಗಂತೂ ಮೊದಲು ಮಾಜಿ ಸೈನಿಕನೇ ನೆನಪಾಗುತ್ತಾನೆ. ಸೀಸನ್ಡ್, ಅಂದರೆ ಅನುಭವದಲ್ಲಿ ಪಳಗಿದವರು, ಸರಿಯಾದ ಪದವೇ, ಆದರೆ ಅಡುಗೆಯವರಿಗೆ ಹಚ್ಚಿದರೆ ನಗು ಬರುತ್ತದೆ: ಸಾರಿಗೆ ಉಪ್ಪು ಮೆಣಸು ಹಾಕುವುದೂ ಸೀಸನಿಂಗ್, ಹೊಸ ಕಾವಲಿಗೆ ಎಣ್ಣೆ ಸವರಿ ಪಳಗಿಸುವುದೂ ಸೀಸನಿಂಗ್.

'ಸ್ಕಿಲ್ಡ್ ದೋಸಾ ಕುಕ್, 18 ಇಯರ್ಸ್ ಎಕ್ಸ್‌ಪೀರಿಯನ್ಸ್' ಎಂದು ಬರೆಯಿರಿ. ವರ್ಷ ಎಷ್ಟೇ ಇರಲಿ, ಎಕ್ಸ್‌ಪೀರಿಯನ್ಸ್‌ಗೆ ಇಲ್ಲಿ ಬಹುವಚನ ಬೇಡ.